ಕುಂಟುವುದು ನಿಂತ ಮೇಲಿನ ಎಚ್ಚರ: ಶಸ್ತ್ರಚಿಕಿತ್ಸೆಯಾದ ಬೀದಿನಾಯಿಯ ಆರೈಕೆ

ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಗಳ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಹಗಲೂ ರಾತ್ರಿ ಓಡಾಡುತ್ತವೆ. ಆ ತಿಂಗಳುಗಳಲ್ಲಿ ಕಾಲು ಮುರಿದುಕೊಳ್ಳುವ ಬೀದಿನಾಯಿಗಳನ್ನು ಲೆಕ್ಕ ಇಟ್ಟವರಿಲ್ಲ. ವಿಜಯಪುರದ ನಮ್ಮ ಓಣಿಯ ಕೆಂಚಿ ಕಳೆದ ಡಿಸೆಂಬರಿನಲ್ಲಿ ಹಾಗೆಯೇ ಗಾಲಿಗೆ ತಾಗಿ ಬಿದ್ದು ಹಿಂದಿನ ಎಡಗಾಲಿನ ತೊಡೆಯೆಲುಬನ್ನು ಮುರಿದುಕೊಂಡಿತು. ಅದನ್ನು ಗೋಣಿತಟ್ಟಿನ ಮೇಲೆ ಮಲಗಿಸಿ, ಟಂಟಂ ಒಂದರಲ್ಲಿ ದವಾಖಾನೆಗೆ ಒಯ್ದು, ಮರುದಿನ ಪ್ಲೇಟು ಮತ್ತು ಸ್ಕ್ರೂ ಹಾಕಿಸಿದ್ದಾಯಿತು. ಶಸ್ತ್ರಚಿಕಿತ್ಸೆಗೆ ಹಿಡಿದದ್ದು ಎರಡು ತಾಸಿಗೂ ಕಡಿಮೆ. ಅದಾದ ಮೇಲಿನ ಕೆಲಸ ಹನ್ನೊಂದು ವಾರ ನಡೆಯಿತು. ನಾಯಿಯನ್ನು ನಮ್ಮ ಕೈಗೆ ಒಪ್ಪಿಸುವಾಗ ವೈದ್ಯರು ಆಡಿದ ಮಾತು ಆಗ ವಿಚಿತ್ರವಾಗಿ ಕೇಳಿಸಿತ್ತು: “ಕುಂಟೂ ತನಕ ಅದು ತನ್ನ ತಾನೇ ಕಾಯ್ಕೊಂತದ. ಕುಂಟೂದು ಬಿಟ್ಟ ಮ್ಯಾಲೆ ನೀವು ಕಾಯಬೇಕ್ರಿ.”

ಮುರಿದ ಎಲುಬು ಹೇಗೆ ಕೂಡಿಕೊಳ್ಳುತ್ತದೆ ಎಂಬುದನ್ನು ತಿಳಿದರೆ ಈ ಮಾತಿನ ಅರ್ಥ ತಾನಾಗಿ ಬಿಡಿಸಿಕೊಳ್ಳುತ್ತದೆ. ಎಲುಬು ಮುರಿದ ಕೂಡಲೇ ಆ ಜಾಗದಲ್ಲಿ ರಕ್ತ ಸೋರಿ ಹೆಪ್ಪುಗಟ್ಟುತ್ತದೆ. ಮುಂದಿನ ಎರಡು ಮೂರು ವಾರಗಳಲ್ಲಿ ಆ ಹೆಪ್ಪಿನ ಜಾಗದಲ್ಲಿ ನಾರಿನಂಥ ಅಂಗಾಂಶವೂ ಮೃದ್ವಸ್ಥಿಯೂ ಬೆಳೆದು, ಮುರಿದ ತುದಿಗಳೆರಡರ ನಡುವೆ ಮೆತ್ತಗಿನ ಬೆಸುಗೆಯೊಂದು ಸಿದ್ಧವಾಗುತ್ತದೆ. ಅದರಲ್ಲಿ ಕ್ರಮೇಣ ಕ್ಯಾಲ್ಸಿಯಂ ಸೇರಿ ಗಟ್ಟಿಯಾಗುತ್ತದೆ, ಆಮೇಲೆ ತಿಂಗಳುಗಟ್ಟಲೆ ಎಲುಬು ತನ್ನ ಹಳೆಯ ಆಕಾರಕ್ಕೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಪ್ಲೇಟು ಬಿಗಿಯಾಗಿ ಕೂತ ಕಡೆ ಈ ಬೆಸುಗೆಯ ಗಂಟು ಸಣ್ಣದಿರಬಹುದು, ಆದರೆ ಕಾಲಾವಧಿಯಲ್ಲಿ ಬಹಳ ವ್ಯತ್ಯಾಸವಾಗದು. ಮೂರು ನಾಲ್ಕು ತಿಂಗಳ ಮರಿಯಲ್ಲಿ ಸುಮಾರು ನಾಲ್ಕು ವಾರಗಳಿಗೇ ಬೆಸುಗೆ ಗಟ್ಟಿಯಾದೀತು. ಬೆಳೆದ ನಾಯಿಗೆ 8ರಿಂದ 12 ವಾರ ಬೇಕು. ಮುದಿ ನಾಯಿಗೆ, ಅಥವಾ ಚರ್ಮ ಹರಿದು ಎಲುಬು ಹೊರಬಂದು ಸೋಂಕು ತಗುಲಿದ್ದರೆ, ಇನ್ನೂ ಹೆಚ್ಚು.

ನೋವಿನ ಲೆಕ್ಕ ಮಾತ್ರ ಬೇರೆ. ಮುರಿದ ತುದಿಗಳು ಒಂದಕ್ಕೊಂದು ಉಜ್ಜಾಡುವುದೇ ದೊಡ್ಡ ನೋವಾದ್ದರಿಂದ, ಪ್ಲೇಟು ಅವನ್ನು ಅಲುಗಾಡದಂತೆ ಹಿಡಿದ ಮೇಲೆ ಹತ್ತು ಹದಿನೈದು ದಿನಗಳಲ್ಲಿ ಆ ನೋವು ಬಹುಪಾಲು ಇಳಿದುಬಿಡುತ್ತದೆ. ನಾಯಿಗೆ ತನ್ನ ಕಾಲು ಸರಿಯಾಯಿತೆಂದು ಅನ್ನಿಸುತ್ತದೆ, ನೋಡುವವರಿಗೂ ಹಾಗೆಯೇ ಕಾಣುತ್ತದೆ. ವಾಸ್ತವದಲ್ಲಿ ಆ ಹೊತ್ತಿಗೆ ಭಾರವನ್ನೆಲ್ಲ ಹೊತ್ತಿರುವುದು ಎಲುಬಲ್ಲ, ಲೋಹ. ಬೇಲಿಯ ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತ ಹೋದರೆ ಅದು ಒಂದು ಹಂತದಲ್ಲಿ ಪಟ್ಟನೆ ತುಂಡಾಗುವುದನ್ನು ಎಲ್ಲರೂ ಕಂಡಿದ್ದೇವೆ. ಪ್ಲೇಟು ಕೂಡ ಹಾಗೆಯೇ ದಣಿಯುತ್ತದೆ, ಸ್ಕ್ರೂಗಳು ಎಲುಬಿನೊಳಗೆ ಸಡಿಲಾಗುತ್ತವೆ. ಲೋಹ ದಣಿಯುವುದಕ್ಕೆ ಮೊದಲು ಎಲುಬು ಕೂಡಬೇಕು. ಮನೆಯಲ್ಲಿ ಮಾಡುವ ಆರೈಕೆಯ ಬಹುಭಾಗವು ಈ ಓಟದಲ್ಲಿ ಎಲುಬು ಹಿಂದುಳಿಯದಂತೆ ನೋಡಿಕೊಳ್ಳುವ ಕೆಲಸವೇ ಆಗಿದೆ.

ಮೊದಲ ರಾತ್ರಿಯಿಂದ ಆರಂಭಿಸೋಣ. ಅರಿವಳಿಕೆ ಇಳಿಯುತ್ತಿರುವ ನಾಯಿ ನರಳುತ್ತದೆ, ತಲೆ ಆಡಿಸುತ್ತದೆ, ಗೋಡೆಯನ್ನು ನೋಡಿ ಬೊಗಳುತ್ತದೆ, ಪರಿಚಿತರನ್ನೂ ಗುರುತಿಸದೆ ಇರಬಹುದು. ಇದನ್ನು ಕಂಡು ಮನೆಮಂದಿ ಹೆದರುವುದು ಸಹಜ, ಆದರೆ ಇದೆಲ್ಲ ನೋವೇ ಆಗಿರಬೇಕೆಂದಿಲ್ಲ. ಔಷಧದ ಮಂಪರಿನ ಗೊಂದಲವಾಗಿದ್ದರೆ ಕೆಲವು ತಾಸುಗಳಲ್ಲಿ ತಾನಾಗಿ ಶಮನವಾಗುತ್ತದೆ. ನೋಡಬೇಕಾದದ್ದು ಉಸಿರು, ಮೈಬಿಸಿ ಮತ್ತು ಒಸಡಿನ ಬಣ್ಣ. ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ತಿರುಗಬೇಕು. ಒಸಡು ಬಿಳಿಚಿಕೊಂಡೇ ಉಳಿದರೆ ಒಳಗೆ ರಕ್ತ ಸೋರುತ್ತಿರಬಹುದು. ಬೆಳಗಾಗುವುದನ್ನು ಕಾಯದೆ ವೈದ್ಯರಿಗೆ ಕರೆ ಮಾಡಬೇಕು. ನಮ್ಮ ಕಡೆಯ ನಾಯಿಗಳಲ್ಲಿ ಅನೇಕಕ್ಕೆ ಒಸಡು ಹುಟ್ಟಿನಿಂದಲೇ ಕಪ್ಪು. ಕೆಂಚಿಯದೂ ಹಾಗೆಯೇ ಇದ್ದುದರಿಂದ ನಾವು ಕೆಳಗಣ್ಣಿನ ರೆಪ್ಪೆಯನ್ನು ಮೆಲ್ಲನೆ ಎಳೆದು ಒಳಗಿನ ಬಣ್ಣ ನೋಡುತ್ತಿದ್ದೆವು.

ಅರಿವಳಿಕೆಯಲ್ಲಿ ಮೈ ತಣ್ಣಗಾಗುತ್ತದೆ. ನಾಯಿಯ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮದಕ್ಕಿಂತ ಹೆಚ್ಚು. ಮುಟ್ಟಿದಾಗ ಬೆಚ್ಚಗಿದೆ ಎಂದಾಕ್ಷಣ ಜ್ವರವೆಂದು ತಿಳಿಯಬಾರದು, ತಣ್ಣಗನ್ನಿಸಿದರೆ ಅಲಕ್ಷ್ಯ ಮಾಡಲೂಬಾರದು. ಬಾಗಲಕೋಟೆ ಜಿಲ್ಲೆಯ ಮುಧೋಳ, ಅದರ ಸುತ್ತಲಿನ ಊರುಗಳಲ್ಲಿ ಬೀದಿನಾಯಿಗಳಿಗೂ ಮುಧೋಳ ನಾಯಿಯ ರಕ್ತ ಬೆರೆತಿರುವುದುಂಟು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ಆ ತಳಿಯ ಮೈಯಲ್ಲಿ ಕೊಬ್ಬು ತೀರ ಕಡಿಮೆ, ಚರ್ಮ ತೆಳು. ಇಂಥ ಬೇಟೆನಾಯಿಗಳು ಬೇಗ ತಣ್ಣಗಾಗುತ್ತವೆ, ಕೆಲವು ಅರಿವಳಿಕೆ ಔಷಧಗಳಿಂದ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಹಿಡಿಯುತ್ತದೆ, ಗಟ್ಟಿ ನೆಲದಲ್ಲಿ ಮಲಗಿದರೆ ಮೊಣಕೈ ಮತ್ತು ಸೊಂಟದ ಎಲುಬಿನ ಮೇಲೆ ಹುಣ್ಣಾಗುತ್ತದೆ. ಹಾಸಲು ಹಳೆಯ ಕೌದಿಗಿಂತ ಉತ್ತಮವಾದದ್ದನ್ನು ನಾನು ಕಂಡಿಲ್ಲ. ನಾಲ್ಕು ಪದರ ಮಡಚಿದರೆ ಮೆತ್ತೆಯಾಗುತ್ತದೆ, ಒಗೆದರೆ ಒಂದೇ ಬಿಸಿಲಿಗೆ ಒಣಗುತ್ತದೆ.

ಪೂರ್ತಿ ಎಚ್ಚರವಾಗಿ ತಲೆ ಎತ್ತಿ ನಿಲ್ಲಿಸುವ ತನಕ ನೀರು ಕುಡಿಸಬಾರದು, ಏಕೆಂದರೆ ಮಂಪರಿನಲ್ಲಿ ನುಂಗಿದ ನೀರು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಎಚ್ಚರವಾದ ಮೇಲೆ ಸ್ವಲ್ಪ ನೀರು, ಅದು ಹೊಟ್ಟೆಯಲ್ಲಿ ನಿಂತರೆ ದಿನದ ಊಟದ ಕಾಲು ಭಾಗ. ಎರಡು ಮೂರು ದಿನ ಮಲವಿಸರ್ಜನೆ ಆಗದಿದ್ದರೆ ಗಾಬರಿ ಬೇಡ. ಉಪವಾಸವೂ ನೋವಿನ ಔಷಧಗಳೂ ಅದಕ್ಕೆ ಕಾರಣ. ಮೂತ್ರದ ವಿಷಯದಲ್ಲಿ ಅಷ್ಟು ಸಡಿಲಿಕೆ ಇಲ್ಲ. ಸುಮಾರು ಅರ್ಧ ದಿನ ಕಳೆದರೂ ಹನಿ ಮೂತ್ರ ಬಾರದಿದ್ದರೆ ವೈದ್ಯರಿಗೆ ತಿಳಿಸಬೇಕು, ಗಾಡಿ ಹೊಡೆದ ನಾಯಿಗಳಲ್ಲಿ ಮೂತ್ರಕೋಶಕ್ಕೂ ಬೆನ್ನಿನ ನರಗಳಿಗೂ ಪೆಟ್ಟಾಗಿರುವ ಸಾಧ್ಯತೆ ಇರುತ್ತದೆ.

ನಾಯಿ ನೋವನ್ನು ಹೇಳಿಕೊಳ್ಳುವ ಪ್ರಾಣಿಯಲ್ಲ, ಬೀದಿಯಲ್ಲಿ ಬೆಳೆದದ್ದಂತೂ ಅಲ್ಲ. ನಿತ್ರಾಣವನ್ನು ತೋರಿಸಿದರೆ ಬೇರೆ ನಾಯಿಗಳು ಮೇಲೆ ಬೀಳುತ್ತವೆ ಎಂಬುದು ಅದಕ್ಕೆ ಗೊತ್ತು. ಕುಂಯ್‌ಗುಡುವುದನ್ನು ಮಾತ್ರ ನೋವೆಂದು ಎಣಿಸಿದರೆ ಅರ್ಧ ನೋವು ನಮ್ಮ ಗಮನಕ್ಕೇ ಬರುವುದಿಲ್ಲ. ಸೆಕೆ ಇಲ್ಲದಿದ್ದರೂ ಏದುಸಿರು ಬಿಡುವುದು, ತೂಕಡಿಸುತ್ತಿದ್ದರೂ ತಲೆಯನ್ನು ನೆಲಕ್ಕೆ ಊರದಿರುವುದು, ಮತ್ತೆ ಮತ್ತೆ ಮಗ್ಗುಲು ಬದಲಿಸುವುದು, ಹೊಲಿಗೆಯ ಕಡೆಗೇ ತಿರುಗಿ ನೋಡುವುದು, ಇಷ್ಟದ ತಿನಿಸನ್ನು ಮೂಸಿ ಬಿಡುವುದು ಇವೆಲ್ಲ ನೋವಿನ ಮಾತುಗಳೇ. ಕೆಂಚಿ ಎರಡನೆಯ ರಾತ್ರಿ ಸದ್ದಿಲ್ಲದೆ ಕೂತೇ ಇತ್ತು, ಮಲಗಲಿಲ್ಲ. “ಎಷ್ಟು ಶಾಣ್ಯಾ ನಾಯಿ” ಎಂದು ನಾವು ಹೊಗಳಿದೆವು. ಮರುದಿನ ವೈದ್ಯರು ನೋವಿನ ಔಷಧವನ್ನು ಹೆಚ್ಚಿಸಿದ ಮೇಲೆ ಅದು ಎಂಟು ತಾಸು ಎಡೆಬಿಡದೆ ನಿದ್ದೆ ಮಾಡಿದಾಗ ನಮ್ಮ ತಪ್ಪು ನಮಗೆ ತಿಳಿಯಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮನೆಯಲ್ಲಿ ಮನುಷ್ಯರಿಗೆಂದು ತಂದಿಟ್ಟ ನೋವಿನ ಗುಳಿಗೆಯನ್ನು ನಾಯಿಗೆ ಕೊಡಬಾರದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದವು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ಪ್ಯಾರಸಿಟಮಾಲ್ ಅಳತೆ ಮೀರಿದರೆ ಯಕೃತ್ತಿಗೆ ಅಪಾಯ. ಪಶುವೈದ್ಯರು ಬರೆದುಕೊಡುವ ಮೆಲಾಕ್ಸಿಕಾಂನಂಥ ಔಷಧವನ್ನೂ ತೂಕಕ್ಕೆ ತಕ್ಕ ಅಳತೆಯಲ್ಲಿ, ಹೊಟ್ಟೆಗೆ ಏನಾದರೂ ಹಾಕಿದ ಮೇಲೆಯೇ ಕೊಡಬೇಕು. ವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಗಾದರೆ ನಿಲ್ಲಿಸಿ ಕೇಳಬೇಕು. ಜೀವನಿರೋಧಕದ (ಆ್ಯಂಟಿಬಯಾಟಿಕ್) ಗುಳಿಗೆಗಳನ್ನು ಗಾಯ ಒಣಗಿದಂತೆ ಕಂಡಿತೆಂದು ನಡುವೆ ಬಿಡುವುದೂ ಸಲ್ಲದು.

ಇನ್ನು ಹೊಲಿಗೆ. ಮೊದಲ ಮೂರು ನಾಲ್ಕು ದಿನ ಹೊಲಿಗೆಯ ಸುತ್ತ ಸ್ವಲ್ಪ ಬಾವು ಇರುತ್ತದೆ. ರಕ್ತ ಕೆಳಗಿಳಿದು ಮೊಣಕಾಲಿನ ಬಳಿ ನೀಲಿಗಟ್ಟಿದಂತೆಯೂ ಕಾಣಬಹುದು. ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಅದು ಸಹಜ, ಏರುತ್ತಿದ್ದರೆ ಅಲ್ಲ. ಕೆಟ್ಟ ವಾಸನೆ, ಕೀವು, ಹೊಲಿಗೆ ಬಿಚ್ಚಿಕೊಳ್ಳುವುದು, ಮೊದಲು ತಿನ್ನುತ್ತಿದ್ದ ನಾಯಿ ತಿನ್ನುವುದನ್ನು ನಿಲ್ಲಿಸುವುದು, ಇವು ಕಂಡರೆ ದವಾಖಾನೆಗೆ ಒಯ್ಯಬೇಕು. ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ 10ರಿಂದ 14ನೆಯ ದಿನದ ನಡುವೆ. ಅಲ್ಲಿಯವರೆಗೆ ಮೈ ತೊಳೆಯುವಂತಿಲ್ಲ. ಅರಿಶಿನ, ಕೊಬ್ಬರಿ ಎಣ್ಣೆ, ಸುಣ್ಣ ಯಾವುದನ್ನೂ ಹೊಲಿಗೆಯ ಮೇಲೆ ಹಚ್ಚುವ ಅಗತ್ಯವಿಲ್ಲ. ಪ್ರೀತಿಯಿಂದ ಹಚ್ಚುವವರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು: ಎಣ್ಣೆ ಹಚ್ಚಿದ ಗಾಯಕ್ಕೆ ಧೂಳು ಅಂಟುತ್ತದೆ, ನಾಯಿ ಅದನ್ನು ನೆಕ್ಕುತ್ತದೆ, ನೆಕ್ಕಿದ ಗಾಯ ಬಿರಿಯುತ್ತದೆ. ನಾಯಿಯ ನಾಲಿಗೆಯಲ್ಲಿ ಔಷಧವಿದೆ ಎಂಬ ನಂಬಿಕೆಗೆ ಹೊಲಿಗೆ ಹಾಕಿದ ಗಾಯದ ಬಳಿ ಜಾಗ ಕೊಡಬಾರದು.

ಆದ್ದರಿಂದಲೇ ಕೊರಳಿಗೆ ಶಂಕುವಿನಾಕಾರದ ಕಾಲರ್ ಹಾಕುತ್ತಾರೆ. ಅಂಗಡಿಯದು ಸಿಗದಿದ್ದರೆ ಹಳೆಯ ಎಕ್ಸ್‌ರೇ ಹಾಳೆಗಳನ್ನು ಜೋಡಿಸಿ, ಅಂಚಿಗೆ ಹತ್ತಿ ಸುತ್ತಿ ಅಂಟುಪಟ್ಟಿ ಹಚ್ಚಿದರೆ ಕೆಲಸ ನಡೆಯುತ್ತದೆ. ಅಂಚು ಮೂಗಿನ ತುದಿಗಿಂತ ನಾಲ್ಕು ಬೆರಳು ಮುಂದಿರಬೇಕು, ಕೊರಳಲ್ಲಿ ಎರಡು ಬೆರಳು ಸಲೀಸಾಗಿ ತೂರಬೇಕು. ಕಾಲರ್ ಹಾಕಿದ ನಾಯಿಗೆ ನೆಲದ ಮೇಲಿಟ್ಟ ತಟ್ಟೆಗೆ ಬಾಯಿ ಎಟುಕುವುದಿಲ್ಲ. ನೀರಿನ ಪಾತ್ರೆಯನ್ನು ಎರಡು ಇಟ್ಟಂಗಿಯ ಮೇಲೆ ಎತ್ತರಿಸಿ ಇಟ್ಟರೆ ಸಾಕು. ಮಾರ್ಚ್ ಬಂದ ಮೇಲೆ ನಮ್ಮ ಬಿಸಿಲಿಗೆ ಇದು ಸಣ್ಣ ವಿಷಯವಲ್ಲ, ಏಕೆಂದರೆ ನಾಯಿ ಏದುಸಿರಿನಿಂದಲೇ ಮೈಯನ್ನು ತಂಪುಗೊಳಿಸಿಕೊಳ್ಳುತ್ತದೆ ಮತ್ತು ಹಾಗೆ ಮಾಡುವಾಗ ನೀರು ಕಳೆದುಕೊಳ್ಳುತ್ತದೆ. ನಾಯಿ ಓಡಾಡದಂತೆ ಅದನ್ನು ಇರಿಸುವ ಬೋನನ್ನು ತಗಡಿನ ಶೆಡ್ಡಿನಡಿ ಇಡುವುದನ್ನು ಯೋಚಿಸಲೂಬಾರದು.

ಕಾಲಿಗೆ ಪಟ್ಟಿ ಕಟ್ಟಿ ಕಳಿಸಿದ್ದರೆ ದಿನಕ್ಕೆ ಎರಡು ಸಲ ಬೆರಳುಗಳನ್ನು ನೋಡಬೇಕು. ಪಟ್ಟಿಯ ಕೆಳಗೆ ನಡುವಿನ ಎರಡು ಬೆರಳುಗಳ ತುದಿ ಕಾಣುವಂತೆ ಬಿಟ್ಟಿರುತ್ತಾರೆ; ಆ ಎರಡು ಉಗುರುಗಳು ಸಹಜವಾಗಿ ಒತ್ತಾಗಿ ಸಮಾನಾಂತರವಾಗಿ ಇರುತ್ತವೆ. ಅವು ಕವಲೊಡೆದಂತೆ ಅಗಲಗೊಂಡರೆ ಪಟ್ಟಿ ಬಿಗಿಯಾಗಿ ಪಾದ ಬಾತಿದೆ ಎಂದೇ ಅರ್ಥ. ಬೆರಳು ತಣ್ಣಗಿದ್ದರಂತೂ ಅಂದೇ ಬಿಚ್ಚಿಸಬೇಕು, ತಡವಾದರೆ ಪಾದ ಕೊಳೆತು ಕಾಲನ್ನೇ ಕಳೆಯಬೇಕಾಗುತ್ತದೆ. ಎಲುಬು ಮುರಿದಾಗ ಬಿದಿರಿನ ಸೀಳು ಇಟ್ಟು ಬಿಗಿದು ಕಟ್ಟುವ ಪದ್ಧತಿಯಿಂದ ಅನೇಕ ನಾಯಿಗಳ ಕಾಲು ಹೀಗೆಯೇ ಹೋಗುತ್ತದೆ. ತೊಡೆಯೆಲುಬಿಗಂತೂ ಹೊರಗಿನಿಂದ ಯಾವ ಕಟ್ಟೂ ಹಿಡಿತ ಕೊಡದು, ಏಕೆಂದರೆ ಕಟ್ಟು ಕೆಲಸ ಮಾಡಬೇಕಾದರೆ ಮುರಿತದ ಮೇಲಿನ ಕೀಲನ್ನೂ ಕೆಳಗಿನ ಕೀಲನ್ನೂ ಹಿಡಿಯಬೇಕು, ಸೊಂಟದ ಕೀಲಿನ ಸುತ್ತ ಪಟ್ಟಿ ಸುತ್ತಲು ಸಾಧ್ಯವಿಲ್ಲ. ಹೊರಗೆ ಕರೆದೊಯ್ಯುವಾಗ ಪಟ್ಟಿ ಒದ್ದೆಯಾಗದಂತೆ ತೊಳೆದೊಣಗಿಸಿದ ಹಾಲಿನ ಪಾಕೀಟನ್ನು ಪಾದಕ್ಕೆ ತೊಡಿಸಬಹುದು. ಒಳಗೆ ಬಂದ ಕೂಡಲೇ ತೆಗೆಯಬೇಕು, ಇಲ್ಲವಾದರೆ ಬೆವರಿ ಒಳಗೇ ಕೊಳೆಯುತ್ತದೆ.

ನಮ್ಮ ಕಡೆಯ ಮನೆಗಳ ದೊಡ್ಡ ತೊಡಕು ನೆಲ. ಪಡಸಾಲೆಗೆ ಹಾಸಿದ ಶಹಾಬಾದಿ ಫರಸಿ ಕಾಲಾಂತರದ ಓಡಾಟಕ್ಕೆ ಕನ್ನಡಿಯಂತೆ ನುಣುಪಾಗಿರುತ್ತದೆ, ಹೊಸ ಮನೆಗಳಲ್ಲಿ ಟೈಲ್ಸು ಅದಕ್ಕಿಂತ ಜಾರು. ನಾಯಿ ಉಗುರೂರಿ ಏಳುವ ಪ್ರಾಣಿ. ನುಣುಪು ನೆಲದಲ್ಲಿ ಉಗುರಿಗೆ ಹಿಡಿತ ಸಿಗದೆ ಹಿಂಗಾಲು ಎರಡೂ ಬದಿಗೆ ಚಿಮ್ಮುತ್ತವೆ. ಹಾಗೆ ಒಮ್ಮೆ ಜಾರಿದರೆ ಪ್ಲೇಟಿನ ಮೇಲೆ ಬೀಳುವ ಸೆಳೆತ ಹತ್ತು ದಿನದ ನಡಿಗೆಗಿಂತ ಕೆಟ್ಟದ್ದು. ನಾವು ಬೋನಿನಿಂದ ಅಂಗಳದ ಬಾಗಿಲಿನವರೆಗೆ ಗೋಣಿಚೀಲಗಳನ್ನು ಬಿಡಿಸಿ ದಬ್ಬಣದಿಂದ ಒಂದಕ್ಕೊಂದು ಹೊಲಿದು ಹಾದಿಯಂತೆ ಹಾಸಿದೆವು. ಬಿಡಿಬಿಡಿಯಾಗಿ ಹಾಸಿದರೆ ಚೀಲವೇ ಜಾರುತ್ತದೆ ಎಂಬುದನ್ನು ಮೊದಲ ದಿನವೇ ಕಲಿತಿದ್ದೆವು. ಬೋನು ನಾಯಿ ನಿಂತು, ಒಂದು ಸುತ್ತು ತಿರುಗಿ, ಕಾಲು ಚಾಚಿ ಮಲಗುವಷ್ಟಿದ್ದರೆ ಸಾಕು, ಓಡುವಷ್ಟು ದೊಡ್ಡದಿರಬಾರದು. ಬೋನು ಇಲ್ಲದವರು ಮೂಲೆಯೊಂದಕ್ಕೆ ಮಂಚವನ್ನು ಅಡ್ಡಲಾಗಿ ನಿಲ್ಲಿಸಿ ಕೊಟ್ಟಿಗೆಯಷ್ಟು ಜಾಗ ಮಾಡಬಹುದು. ಹಗ್ಗದಿಂದ ಕಟ್ಟಿಹಾಕುವುದು ಇದಕ್ಕೆ ಬದಲಿಯಲ್ಲ, ಬೆಕ್ಕು ಕಂಡು ಜಿಗಿದ ನಾಯಿ ಹಗ್ಗದ ತುದಿಯಲ್ಲಿ ತಿರುಚಿ ಬೀಳುತ್ತದೆ.

ನಡೆಸುವಾಗ ಹೊಟ್ಟೆಯ ಕೆಳಗೆ, ಹಿಂಗಾಲಿಗೆ ಹತ್ತಿರವಾಗಿ, ಉದ್ದನೆಯ ಟವೆಲ್ಲನ್ನು ತೂರಿಸಿ ಎರಡೂ ತುದಿಗಳನ್ನು ಮೇಲೆ ಹಿಡಿಯಬೇಕು. ನಾಯಿಯನ್ನು ಎತ್ತಬಾರದು; ಜಾರಿದರೆ ಹಿಡಿಯಲು ಅದು ಅಲ್ಲಿರಬೇಕು, ಅಷ್ಟೇ. ಮೊದಲ ಎರಡು ವಾರ ಐದು ನಿಮಿಷದಂತೆ ದಿನಕ್ಕೆ ನಾಲ್ಕೈದು ಸಲ, ಅದೂ ಮೂತ್ರ ಮಲಕ್ಕೆ ಮಾತ್ರ. ಶಸ್ತ್ರಚಿಕಿತ್ಸೆಯಾದ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಬಾವಿನ ಮೇಲೆ ಹಿಡಿಯುವುದು ಹಿತ. ವೈದ್ಯರು ಒಪ್ಪಿದ ಮೇಲೆ, ನಾಯಿ ಮಗ್ಗುಲಾಗಿ ಮಲಗಿರುವಾಗ, ಕಾಲನ್ನು ಸೈಕಲ್ ತುಳಿಯುವಂತೆ ಮೆಲ್ಲಗೆ ಮಡಚಿ ಚಾಚುವ ವ್ಯಾಯಾಮವನ್ನು ಹತ್ತು ಹದಿನೈದು ಸಲ ಮಾಡಿಸಬೇಕು. ತೊಡೆಯೆಲುಬು ಮುರಿದ ಎಳೆಯ ನಾಯಿಗಳಲ್ಲಿ ಇದನ್ನು ಬಿಟ್ಟರೆ ತೊಡೆಯ ಸ್ನಾಯು ಎಲುಬಿಗೆ ಅಂಟಿಕೊಂಡು ಮೊಣಕಾಲು ಕೋಲಿನಂತೆ ನೆಟ್ಟಗೆ ನಿಂತುಬಿಡುತ್ತದೆ. ಆಮೇಲೆ ಅದನ್ನು ಮಡಚಿಸುವುದು ಬಹಳ ಕಷ್ಟ. ಎಲುಬಿಗೆ ವಿಶ್ರಾಂತಿ ಬೇಕು, ಕೀಲಿಗೆ ಚಲನೆ ಬೇಕು. ಇವೆರಡನ್ನೂ ಒಟ್ಟಿಗೆ ನಡೆಸುವುದೇ ಈ ಆರೈಕೆಯ ಸೂಕ್ಷ್ಮ.

ಕಾಲಿನ ಮೇಲೆ ಎಷ್ಟು ಭಾರ ಬೀಳುತ್ತಿದೆ ಎಂದು ತಿಳಿಯಲು ನಮಗೆ ಒಂದು ಉಪಾಯ ಅಕಸ್ಮಾತ್ತಾಗಿ ಸಿಕ್ಕಿತು. ಬೆಳಿಗ್ಗೆ ಅಂಗಳಕ್ಕೆ ನೀರು ಚಿಮುಕಿಸಿದ ಮೇಲೆ ಕೆಂಚಿಯನ್ನು ಹೊರಗೆ ತರುತ್ತಿದ್ದುದರಿಂದ ಹಸಿ ಮಣ್ಣಿನಲ್ಲಿ ಹೆಜ್ಜೆ ಮೂಡುತ್ತಿತ್ತು. ಮೊದಲ ವಾರ ಮೂರೇ ಹೆಜ್ಜೆ. ಮೂರನೆಯ ವಾರ ನಾಲ್ಕನೆಯ ಕಾಲಿನ ಎರಡು ಉಗುರುಗಳ ಗೀರು ಕಂಡಿತು. ಐದನೆಯ ವಾರದ ಹೊತ್ತಿಗೆ ನಾಲ್ಕು ಬೆರಳಿನ ಗುರುತು ಮೂಡಿತು, ಹಿಂದಿನ ಅಂಗಾಲಿನ ಮೆತ್ತೆ ಮಾತ್ರ ಇನ್ನೂ ಒತ್ತಿರಲಿಲ್ಲ. ಕಣ್ಣಿಗೆ ಆಗ ಅದು ಕುಂಟುತ್ತಲೇ ಇರಲಿಲ್ಲ. ಬಾಲ ಬೀಸುತ್ತ ಬಾಗಿಲಿಗೆ ಹಾರುತ್ತಿತ್ತು, ಓಣಿಯ ಹುಡುಗರು “ಬಿಡ್ರಿ ಕಾಕಾ, ಆರಾಮಾಗೇದ” ಎಂದು ದಿನವೂ ಪೀಡಿಸುತ್ತಿದ್ದರು. ಬಿಟ್ಟಿದ್ದರೆ ಏನಾಗುತ್ತಿತ್ತೆಂದು ಆರನೆಯ ವಾರದ ಎಕ್ಸ್‌ರೇ ತೋರಿಸಿತು: ಮುರಿತದ ಗೆರೆ ಅರ್ಧದಷ್ಟು ಮಸುಕಾಗಿತ್ತು, ಉಳಿದರ್ಧ ಕೂದಲೆಳೆಯಂತೆ ಸ್ಪಷ್ಟವಾಗಿ ಕಾಣುತ್ತಿತ್ತು. ಬೋನನ್ನು ಯಾವಾಗ ತೆಗೆಯಬೇಕೆಂಬುದನ್ನು ನಾಯಿಯ ಉತ್ಸಾಹ ನಿರ್ಧರಿಸಬಾರದು, ಎಕ್ಸ್‌ರೇ ನಿರ್ಧರಿಸಬೇಕು. ಆ ಖರ್ಚನ್ನು ಉಳಿಸಲು ಹೋಗಿ ಎರಡನೆಯ ಶಸ್ತ್ರಚಿಕಿತ್ಸೆಯ ಖರ್ಚಿಗೆ ಬಿದ್ದವರಿದ್ದಾರೆ.

ಊಟದ ವಿಷಯ ಇಷ್ಟು ತೊಡಕಿನದಲ್ಲ. ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿಯಿಂದ ಹೊಟ್ಟೆ ತುಂಬುತ್ತದೆ, ಆದರೆ ಗಾಯ ಮಾಯಲು ಬೇಕಾದ ಪ್ರೋಟೀನು ಅದರಲ್ಲಿ ಸಾಲದು. ಬೇಯಿಸಿದ ಮೊಟ್ಟೆ, ಎಲುಬು ಬಿಡಿಸಿದ ಕೋಳಿ, ಮಾಂಸ ಮಾಡದ ಮನೆಗಳಲ್ಲಿ ಮೊಸರು, ಪನೀರು, ಚೆನ್ನಾಗಿ ಬೆಂದ ಬೇಳೆ ಸೇರಿಸಬೇಕು. ಕ್ಯಾಲ್ಸಿಯಂ ಗುಳಿಗೆ ಕೊಟ್ಟರೆ ಎಲುಬು ಬೇಗ ಕೂಡುತ್ತದೆ ಎಂಬುದು ತಪ್ಪು ತಿಳಿವಳಿಕೆ. ಬೆಳೆಯುವ ಮರಿಗಳಿಗೆ ಅದು ಅತಿಯಾದರೆ ಎಲುಬಿನ ಬೆಳವಣಿಗೆಯೇ ಕೆಡುತ್ತದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಸಾರು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಕಳೆದುಕೊಂಡ ನಾಯಿಗೆ ಅದು ಇನ್ನೂ ಹಾನಿ. ವಿಜಯಪುರದವರು ವಿಶೇಷವಾಗಿ ನೆನಪಿಡಬೇಕಾದದ್ದು ದ್ರಾಕ್ಷಿ ಮತ್ತು ಒಣದ್ರಾಕ್ಷಿ. ಫೆಬ್ರವರಿಯಿಂದ ಊರ ಸುತ್ತ ಒಣದ್ರಾಕ್ಷಿ ಶೆಡ್ಡುಗಳು ತುಂಬುತ್ತವೆ, ಮನೆಗೆ ಬಂದವರು ಕೈತುಂಬ ತಂದು ಮಕ್ಕಳಿಗೂ ನಾಯಿಗೂ ಹಾಕುತ್ತಾರೆ. ನಾಯಿಯ ಮೂತ್ರಪಿಂಡಕ್ಕೆ ಅದು ವಿಷ, ಒಣಗಿದ್ದು ಹಸಿಯದಕ್ಕಿಂತ ಹೆಚ್ಚು ವಿಷ, ಎಷ್ಟು ತಿಂದರೆ ಅಪಾಯ ಎಂಬುದು ನಾಯಿಯಿಂದ ನಾಯಿಗೆ ಬದಲಾಗುತ್ತದೆ. ಸ್ವಲ್ಪವೇ ತಿಂದಿದ್ದರೂ ವಾಂತಿಯಾಗುವವರೆಗೆ ಕಾಯದೆ ವೈದ್ಯರ ಬಳಿ ಹೋಗಬೇಕು.

ಶಸ್ತ್ರಚಿಕಿತ್ಸೆಗೆ ಮೊದಲೇ ಆಗಬೇಕಾದ ಒಂದು ಪರೀಕ್ಷೆಯನ್ನೂ ಇಲ್ಲಿ ಹೇಳಬೇಕು. ಬೀದಿನಾಯಿಗಳಿಗೆ ಉಣ್ಣೆ ಹತ್ತಿರುವುದು ಸಾಮಾನ್ಯ, ಉಣ್ಣೆಯಿಂದ ಬರುವ ಜ್ವರದಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಣಗಳು ಕಡಿಮೆಯಾಗುತ್ತವೆ. ರಕ್ತ ಪರೀಕ್ಷೆ ಮಾಡಿಸಿಕೊಂಡು, ಅಗತ್ಯವಿದ್ದರೆ ಅದಕ್ಕೆ ಔಷಧ ಕೊಟ್ಟು ಕೆಲವು ದಿನ ಕಾಯುವ ವೈದ್ಯರನ್ನು ತಡಮಾಡುತ್ತಾರೆಂದು ದೂರಬಾರದು.

ಕಾಲು ಜಜ್ಜಿಹೋಗಿದ್ದರೆ ತೆಗೆಯುವುದೊಂದೇ ದಾರಿ. ಮನೆಯವರಿಗೆ ಇದರಷ್ಟು ಸಂಕಟದ ನಿರ್ಧಾರ ಇನ್ನೊಂದಿಲ್ಲ. ಹೆಚ್ಚಿನ ನಾಯಿಗಳು ಮಾತ್ರ ಎರಡು ಮೂರು ದಿನಗಳಲ್ಲಿ ಮೂರು ಕಾಲಿನ ಮೇಲೆ ಎದ್ದು ನಿಂತು ಊಟದ ತಟ್ಟೆ ಹುಡುಕುತ್ತವೆ. ನಾಯಿಯ ಮೈಭಾರದಲ್ಲಿ ಸುಮಾರು 60 ಪಾಲು ಮುಂಗಾಲುಗಳ ಮೇಲೆ, 40 ಪಾಲು ಹಿಂಗಾಲುಗಳ ಮೇಲೆ ಬೀಳುವುದರಿಂದ ಹಿಂಗಾಲು ಹೋದ ನಾಯಿ ಬೇಗ ಹೊಂದಿಕೊಳ್ಳುತ್ತದೆ, ಮುಂಗಾಲು ಹೋದದ್ದು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತ ನಡೆಯುವ ಹೊಸ ಲಯವೊಂದನ್ನು ಕಲಿಯಬೇಕಾಗುತ್ತದೆ. “ಮೊಣಕಾಲಿನ ತನಕ ಉಳಿಸಬಾರದಿತ್ತೇ?” ಎಂದು ಅನೇಕರು ಕೇಳುತ್ತಾರೆ. ಅರ್ಧ ಉಳಿದ ಕಾಲನ್ನು ನಾಯಿ ಅಭ್ಯಾಸಬಲದಿಂದ ನೆಲಕ್ಕೆ ಊರಲು ಹೋಗಿ ತುದಿಯನ್ನು ಹುಣ್ಣು ಮಾಡಿಕೊಳ್ಳುತ್ತದೆ. ಅದಕ್ಕಾಗಿ ಸಾಮಾನ್ಯವಾಗಿ ಭುಜದಿಂದ ಅಥವಾ ತೊಡೆಯ ಮೇಲ್ಭಾಗದಿಂದ ತೆಗೆಯುತ್ತಾರೆ. ಕೃತಕ ಕಾಲು ಕೂಡಿಸುವ ಯೋಚನೆ ಇದ್ದರೆ ಅದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರಿಗೆ ಹೇಳಬೇಕು, ಅದಕ್ಕೆ ಎಷ್ಟು ಕಾಲು ಉಳಿಸಬೇಕೆಂಬ ಲೆಕ್ಕವೇ ಬೇರೆ. ಮೂರು ಕಾಲಿನ ನಾಯಿಗೆ ಮುಂದೆ ದೊಡ್ಡ ಶತ್ರು ಬೊಜ್ಜು, ಆಮೇಲೆ ಜಾರುವ ನೆಲ.

ಸೊಂಟದ ಎಲುಬಿನ ಕೆಲವು ಮುರಿತಗಳು ಶಸ್ತ್ರಚಿಕಿತ್ಸೆಯಿಲ್ಲದೆ ಬರಿಯ ವಿಶ್ರಾಂತಿಯಲ್ಲೇ ಕೂಡುತ್ತವೆ. ಬೆನ್ನುಹುರಿಗೆ ಪೆಟ್ಟಾದ ನಾಯಿಯ ಆರೈಕೆ ಮಾತ್ರ ಬೇರೆಯದೇ ಶಾಸ್ತ್ರ: ಹೊತ್ತುಹೊತ್ತಿಗೆ ಮೂತ್ರಕೋಶ ಒತ್ತಿ ಖಾಲಿ ಮಾಡುವುದನ್ನು ವೈದ್ಯರ ಕೈ ಹಿಡಿದೇ ಕಲಿಯಬೇಕು.

ಇಷ್ಟು ಹೊತ್ತು ಹೇಳಿದ್ದು ಮೈಯ ಮಾತು. ಬೀದಿನಾಯಿಗೆ ಮನೆಯೊಳಗಿನ ಬದುಕು ಗಾಯದಷ್ಟೇ ದೊಡ್ಡ ಆಘಾತ ಎಂಬುದನ್ನು ನಾವು ಮರೆಯುತ್ತೇವೆ. ಓಣಿಯ ಉದ್ದಗಲವನ್ನು ಆಳುತ್ತಿದ್ದ ಪ್ರಾಣಿ ಒಮ್ಮೆಲೇ ಮೂರಡಿ ಬೋನಿನಲ್ಲಿ ಫ್ಯಾನು, ಮಿಕ್ಸರು, ಟಿವಿಗಳ ಸದ್ದಿನ ನಡುವೆ ಬಿದ್ದಿರುತ್ತದೆ. ಕೆಂಚಿ ಮೊದಲ ದಿನ ಎಷ್ಟು ಹೊತ್ತಾದರೂ ಮೂತ್ರ ಮಾಡಲಿಲ್ಲ. ಸಿಮೆಂಟಿನ ಮೇಲೆ ಮಾಡುವುದು ಅದಕ್ಕೆ ರೂಢಿಯಿರಲಿಲ್ಲ. ಅದು ಮಲಗುತ್ತಿದ್ದ ಕಟ್ಟೆಯ ಬುಡದಿಂದ ಒಂದು ಬುಟ್ಟಿ ಮಣ್ಣು ತಂದು ಅಂಗಳದ ಮೂಲೆಯಲ್ಲಿ ಹರಡಿದ ಮೇಲೆ, ಅದನ್ನು ಬಹಳ ಹೊತ್ತು ಮೂಸಿ, ಅಲ್ಲಿಯೇ ಮಾಡಿತು. ಅದುವರೆಗೆ ನಾವು ವೈದ್ಯರಿಗೆ ಎರಡು ಸಲ ಕರೆ ಮಾಡಿದ್ದೆವು.

ಕೊರಳಿಗೆ ಹಗ್ಗ ಕಂಡರೆ ನಡುಗುವ ನಾಯಿಗಳಿವೆ, ಹಿಡಿದು ಸಾಗಿಸಿದ ನೆನಪು ಅವಕ್ಕೆ ಇರುತ್ತದೆ. ಅಂಥವಕ್ಕೆ ಎದೆಗೆ ಕಟ್ಟುವ ಅಗಲ ಪಟ್ಟಿಯ ಬೆಲ್ಟು ಒಳ್ಳೆಯದು. ಬೋನಿನ ಒಂದು ಪಾರ್ಶ್ವಕ್ಕೆ ಬಟ್ಟೆ ಹೊದಿಸಿ ಅವಿತುಕೊಳ್ಳಲು ನೆರಳು ಮಾಡಿ, ಊಟವನ್ನು ದಿನವೂ ಒಬ್ಬರೇ ಒಂದೇ ಹೊತ್ತಿಗೆ ಇಟ್ಟು, ಕಣ್ಣಲ್ಲಿ ಕಣ್ಣಿಟ್ಟು ನೋಡದೆ ಪಕ್ಕದಲ್ಲಿ ಸುಮ್ಮನೆ ಕುಳಿತು ಎದ್ದರೆ ನಂಬಿಕೆ ಹುಟ್ಟುತ್ತದೆ. ತಲೆ ಸವರುವ ಅವಸರ ಬೇಡ. ಎಷ್ಟೇ ಸಾಧುವಾದ ನಾಯಿಯೂ ನೋವಿದ್ದಾಗ ಕಚ್ಚಬಹುದು. ಗಾಯ ಮುಟ್ಟುವ ಮೊದಲು ಬಾಯಿಗೆ ಬಟ್ಟೆಯ ಪಟ್ಟಿ ಕಟ್ಟುವುದು ಅವಮಾನವಲ್ಲ. ಕಚ್ಚಿದರೆ, ಗೀರಿದರೂ ಸರಿ, ಗಾಯವನ್ನು ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆದು ಅಂದೇ ರೇಬೀಸ್ ಚುಚ್ಚುಮದ್ದಿಗೆ ಹೋಗಬೇಕು, ನಾಯಿಗೆ ಲಸಿಕೆ ಹಾಕಿಸಿದ ದಾಖಲೆ ಇಲ್ಲದಿದ್ದರಂತೂ ತಪ್ಪಿಸಲೇಬಾರದು. ಮಕ್ಕಳನ್ನು ಬೋನಿನ ಬಳಿ ಒಂಟಿಯಾಗಿ ಬಿಡಬಾರದು.

ಕೊನೆಗೆ ಉಳಿಯುವ ಪ್ರಶ್ನೆ, ಗುಣವಾದ ನಾಯಿಯನ್ನು ಎಲ್ಲಿ ಬಿಡಬೇಕು ಎಂಬುದು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸಂತಾನಹರಣ ಮತ್ತು ಲಸಿಕೆಯ ನಂತರ ಬೀದಿನಾಯಿಯನ್ನು ಹಿಡಿದ ಜಾಗದಲ್ಲೇ ಮರಳಿ ಬಿಡಬೇಕೆನ್ನುತ್ತವೆ. ಆ ತತ್ತ್ವದಲ್ಲಿ ಅರ್ಥವಿದೆ, ನಾಯಿಗೆ ತನ್ನ ಓಣಿಯೇ ಮನೆ. ಆದರೆ ಕಾಲು ಕಳೆದುಕೊಂಡ ನಾಯಿಯನ್ನು ಹೆದ್ದಾರಿಯ ಬದಿಗೆ ಮರಳಿ ಬಿಡುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ಅಂಥದಕ್ಕೆ ಸಾಕುವ ಮನೆಯನ್ನೇ ಹುಡುಕಬೇಕು. ಬಿಡುವುದಾದರೆ ಏಕಾಏಕಿ ಬಿಡಬಾರದು. ಎರಡು ತಿಂಗಳು ಕಾಣದ ನಾಯಿಯನ್ನು ಓಣಿಯ ಉಳಿದ ನಾಯಿಗಳು ಹೊಸಬರೆಂದೇ ಎಣಿಸಿ ಮುತ್ತುತ್ತವೆ. ನಾವು ಕೊನೆಯ ಎರಡು ವಾರ ಕೆಂಚಿಯನ್ನು ಬೆಲ್ಟಿನಲ್ಲಿ ಹಿಡಿದು ಓಣಿಯಲ್ಲಿ ಅಡ್ಡಾಡಿಸಿದೆವು. ಮೊದಮೊದಲು ಗುರುಗುಟ್ಟಿದ ನಾಯಿಗಳು ಆಮೇಲೆ ಮೂಸಿ ಸುಮ್ಮನಾದವು. ಬಿಟ್ಟ ಮೇಲೂ ಊಟವನ್ನು ಹಳೆಯ ಹೊತ್ತಿಗೇ ನಮ್ಮ ಬಾಗಿಲಲ್ಲಿ ಇಡುತ್ತಿದ್ದೇವೆ, ಇಲ್ಲದಿದ್ದರೆ ಕಾಲನ್ನು ಪರೀಕ್ಷಿಸಲು ಅದು ಕೈಗೆ ಸಿಗುವುದಿಲ್ಲ.

ಈಗಲೂ ಬೆಳಿಗ್ಗೆ ಅಂಗಳ ಹಸಿಯಿದ್ದಾಗ ಅದರ ನಾಲ್ಕು ಹೆಜ್ಜೆಗಳೂ ಮೂಡುತ್ತವೆ, ಹಿಂದಿನ ಎಡಗಾಲಿನದು ಮಾತ್ರ ಉಳಿದವಕ್ಕಿಂತ ತುಸು ತೆಳು. ತೊಡೆಯ ಸ್ನಾಯು ಪೂರ್ತಿ ತುಂಬಿಕೊಳ್ಳದೆ ಹಾಗೆ ಉಳಿಯಬಹುದೆಂದು ವೈದ್ಯರು ಹೇಳಿದ್ದಾರೆ. ಆ ಗುರುತು ಇನ್ನಷ್ಟು ತೆಳುವಾದರೆ, ಅಥವಾ ಚಳಿಗಾಲದ ಬೆಳಗಿನಲ್ಲಿ ಮತ್ತೆ ಮೂರೇ ಹೆಜ್ಜೆ ಕಂಡರೆ, ಸ್ಕ್ರೂ ಸಡಿಲಾಗಿದೆಯೇ ಎಂದು ನೋಡಲು ಕರೆತರಬೇಕು ಎಂದಿದ್ದಾರೆ.